ಗುಂಡಿ ನಂಬರ್ ಏಳು

ಇಲ್ಲಿ ಕಲ್ಲಿಲ್ಲ.
ನಾಯಿಗೆ ಬೀಸೋಣ ಅಂದರೂ
ಹುಕುಂತ್ಸಿಯ ದಾರಿಯುದ್ದ ಒಂದು ಹರಳಿಲ್ಲ;
ಮರಳು, ಮರಳಲ್ಲಿ ಲಾರಿ ಹೂತ ಗುರುತು,
ಗುರುತಿನ ಮೇಲೆ ಮತ್ತೆ ಮರಳು.

ಕೈಪಿಡಿ ಹೇಳುತ್ತದೆ: ಜಲ್ಲಿ ಹೀಗಿರಬೇಕು.
ಬರೆದವರ ದೇಶದಲ್ಲಿ ವಾರಕ್ಕೆ ಐದು ದಿನ ಮಳೆ,
ಬೆಟ್ಟವೆಲ್ಲ ಗ್ರಾನೈಟು.
ಹಳೆಯ ಪ್ರತಿ; ಪುಟದಂಚಿಗೆ ಯಾರೋ ಚೆಲ್ಲಿದ ಚಹಾದ ಕಲೆ,
ಅದು ಕೂಡ ನಮ್ಮ ಗುಂಡಿಗಳಿಗಿಂತ ತೇವ.

ಮೂರು ವಾರ ಹುಡುಕಿದೆವು, ನಾನು, ಡ್ರೈವರ್ ಮ್ಮೊಲೊಕಿ,
ವಿಮಾನದಿಂದ ತೆಗೆದ ಹನ್ನೆರಡು ಫೋಟೊ.
ಬೂದಿ ಬಣ್ಣ ಕಂಡಲ್ಲೆಲ್ಲ ಅಗೆದೆವು.
ಎದೆಮಟ್ಟ ಇಳಿದರೂ ಸಲಿಕೆ ಠಣ್ಣೆನ್ನಲಿಲ್ಲ.
ಆ ಸದ್ದಿಗೆ ಎಷ್ಟು ಹಸಿದಿದ್ದೆನೆಂದರೆ
ರಾತ್ರಿ ಚಮಚ ತಟ್ಟೆಗೆ ತಾಗಿದರೂ ಎದ್ದು ಕೂರುತ್ತಿದ್ದೆ.

ಮ್ಮಾ ಗಾಬೈಫಿವೆ ತಪ್ಪಿದ ಆಡು ಹುಡುಕುತ್ತ ಬಂದವಳು.
ಆರನೆಯ ಗುಂಡಿಗೆ ಬಗ್ಗಿ ನೋಡಿ
'ಯಾರು ಸತ್ತರು?' ಅಂದಳು.
ಕಲ್ಲು ಬೇಕು ತಾಯಿ, ಅಂದೆ.
'ಹಾಗಾದರೆ ಅಗೆಯುವುದು ಗೊತ್ತಿದ್ದವರನ್ನು ಕೇಳಬೇಕಿತ್ತು.'
ಕೋಲಿನಿಂದ ತೋರಿದ್ದು ಒಂದು ಹುತ್ತ.

ಕೆಂಪು ಬಯಲಲ್ಲಿ ಆಳೆತ್ತರದ ಹುತ್ತ.
ಬೆರಳಿಂದ ಕೆರೆದಳು, ಉಗುರಿನಡಿ ಬಿಳಿ.
ಸುಣ್ಣಗಲ್ಲಿನ ಪುಡಿ!
ನೀರಿನ ವಾಸನೆ ಹಿಡಿದು ಕೆಳಗಿಳಿದ ಗೆದ್ದಲು
ಬಾಯಿಗೊಂದು ಚೂರು ಕಚ್ಚಿ
ಮೇಲೆ ತಂದು ಮೆತ್ತಿದೆ,
ನನ್ನ ಡ್ರಿಲ್ಲಿನ ಡೀಸೆಲ್ಲಿಗೆ ಸಹಿ ಬೀಳುವ ಮುಂಚೆ,
ನಾನು ಹುಟ್ಟುವ ಮುಂಚೆ.
ಪಕ್ಕದಲ್ಲೇ ಎರಡು ಮೀಟರು ತೋಡಿದೆವು.
ಠಣ್.
ಮ್ಮೊಲೊಕಿ ಸಲಿಕೆಗೆ ಮುತ್ತಿಟ್ಟ.

ಲೊಬಾತ್ಸೆಯ ಲ್ಯಾಬಿಗೆ ಹನ್ನೊಂದು ಚೀಲ.
ಒಣಗಿಸು, ಜರಡಿ ಹಿಡಿ, ತೂಗು, ಬರೆ.
ಹಿತ್ತಾಳೆ ಬಟ್ಟಲಲ್ಲಿ ಬಿಳಿಮಣ್ಣ ಕಣಕ,
ನಡುವೆ ತೆಗೆದ ಬೈತಲೆ;
ಹಿಡಿ ತಿರುವುತ್ತ ಎಣಿಸಬೇಕು, ಟಕ್ ಟಕ್ ಟಕ್,
ಎಷ್ಟು ಏಟಿಗೆ ಬೈತಲೆ ಕೂಡಿಕೊಳ್ಳುತ್ತದೆ ಎಂದು.
ಗಾಜಿನ ಮೇಲೆ ಅಂಗೈಯಲ್ಲಿ ಹೊಸೆದ ಎಳೆ
ಮೂರು ಮಿಲಿಮೀಟರಿಗೆ ಮುರಿದು ಉದುರಬೇಕು.
ನನ್ನದು ಉದುರಲಿಲ್ಲ,
ಮತ್ತೆ ಮುದ್ದೆ ಮಾಡಿ ಹೊಸೆದೆ, ಮತ್ತೆ, ಮತ್ತೆ,
ಕೈ ಬಿಸಿಗೆ ನೀರೆಲ್ಲ ಆರುವವರೆಗೆ.
ಅಂಟಿನ ಅಂಕ ಹದಿನಾಲ್ಕು.
ಕೈಪಿಡಿ ಒಪ್ಪುವುದು ಆರು.

ಮೇಲಿನವರು, ಕೆಟ್ಟವರಲ್ಲ, ಮೆತ್ತಗೆ ಅಂದರು:
ಜರಡಿ ಸ್ವಲ್ಪ ಬದಲಿಸಿದರೆ
ಏಳು ಬಂದೀತಲ್ಲವೆ, ಸೆಬಿನಾ?

ಬಂದೀತು.
ಹದಿನಾಲ್ಕೇ ಬರೆದೆ.
ಕೆಳಗೆ ಕಾಲಂ ಇಲ್ಲದ ಕಡೆ ಪೆನ್ಸಿಲಿನಲ್ಲಿ:
ಒಳ್ಳೆಯ ಜಲ್ಲಿಗೆ ನಾನೂರು ಕಿಲೋಮೀಟರು ಹೋಗಬೇಕು.
ಇದನ್ನು ಕೆಡಿಸಲು ನೀರು ಬೇಕು; ನೀರೆಲ್ಲಿದೆ?
ಐನೂರು ಮೀಟರು ಹಾಸಿ ನೋಡೋಣ.

ಎರಡು ಮಳೆಗಾಲ ಕಳೆಯಿತು,
ಅದನ್ನು ಮಳೆಗಾಲ ಎನ್ನುವುದಾದರೆ.
ದನದ ಲಾರಿಗಳು ಉರುಳಿದವು, ಉಪ್ಪಿನವು, ಮದುವೆಯದೊಂದು.
ಕಬ್ಬಿಣದ ಪಟ್ಟಿ ಅಡ್ಡವಿಟ್ಟು, ಮೊಣಕಾಲೂರಿ, ಕೆನ್ನೆ ಟಾರಿಗೆ ತಾಗಿಸಿ
ಅದರಡಿಯ ಬೆಳಕಿನ ಸೀಳು ಅಳೆದೆ:
ನಾಲ್ಕು ಮಿಲಿಮೀಟರ್.
ಚರಂಡಿ ಕಟ್ಟಿ ನೀರು ನಿಂತ ಒಂದು ಕಡೆ ಮಾತ್ರ
ಒಡೆದ ಹಾಲಿನಂತಿತ್ತು.
ಅದನ್ನೂ ಬರೆದೆ.

ವರದಿ ಅಚ್ಚಾಗಿ ಬಂತು, ನೀಲಿ ರಟ್ಟು.
ಪತ್ತೆಹಚ್ಚಿದ ವಿಧಾನ: ವಿಮಾನದ ಫೋಟೊ.
ಮೂಲ: ಗುಂಡಿ ನಂಬರ್ ಏಳು.
ಗೆದ್ದಲು ಕಟ್ಟಿದ್ದಕ್ಕೆ ಹಾವು ಸೇರುವಾಗ
ಬುಸುಗುಡುವುದೂ ಇಲ್ಲ, ನೋಡಿ;
ಹಾವಿನ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಮೂರನೆಯದು.
ಕಪಾಟಿನ ಕೆಳಗಣ ಚೀಲವೊಂದರ ಚೀಟಿಯಲ್ಲಷ್ಟೇ
ನನ್ನ ಕೈಬರಹ: ಗಾಬೈಫಿವೆ, ಹುತ್ತದ ಹತ್ತಿರ.
ಹುತ್ತ ಈಗಿಲ್ಲ. ರಸ್ತೆ ಅದರ ಮೇಲೇ ಹೋಯಿತು.

ಮೊದಲ ಬಸ್ಸಿಗೆ ಕೈ ಮಾಡಿ ಹತ್ತಿದಳಂತೆ ಮುದುಕಿ,
ಕಂಕುಳಲ್ಲಿ ಆಡಿನ ಮರಿ.
'ದಾರಿ ತೋರಿಸಿದವಳಿಗೆ ಎಂಥ ದುಡ್ಡು?' ಅಂದಳಂತೆ.
ಕಂಡಕ್ಟರ್ ನಕ್ಕು, ಚೀಟಿ ಹರಿದನಂತೆ.
ಪೂರ್ತಿ ದರ.
ಮರಿಗೆ ಅರ್ಧ.